ಹಗೇವಿನಲ್ಲಿಟ್ಟ ರಬ್ಬರು

ಚಳಿಗಾಲದಲ್ಲಿಯೇ ರಬ್ಬರು ಕೊಂಡಿಡಬೇಕೆಂದು ಕಾಕಾನಿಗೆ ಹೇಳಿದವನು ನಾನೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ನಾನೇ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ತರಗತಿಯಲ್ಲಿ ಹುಡುಗರಿಗೆ, ರೈಲಿನಲ್ಲಿ ಗುರುತಿಲ್ಲದವರಿಗೆ, ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಗೆಳೆಯರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಕತೆಯಲ್ಲಿ ನಾನು ಒಂದು ಬೆರಳಿನಷ್ಟು ಎತ್ತರವಾಗಿದ್ದೇನೆ. ಹೋದ ವರ್ಷ ಅಕ್ಕ ಅದನ್ನು ಪೂರ್ತಿ ಕೇಳಿಸಿಕೊಂಡು ನಕ್ಕುಬಿಟ್ಟಳು.

"ನಿನ್ನ ಮಾತ ಯಾರ ಕೇಳ್ತಿದ್ರೋ ಆಗ? ನಿನಗ ಬನಿಯನ್ ಸೀದಾ ಹಾಕ್ಕೊಳ್ಳಾಕ ಬರ್ತಿರ್ಲಿಲ್ಲ."

ಅಕ್ಕನ ಲೆಕ್ಕದಲ್ಲಿ ಕಾಕಾ ದೀಪಾವಳಿಗೆ ಮೊದಲೇ ತೀರ್ಮಾನ ಮಾಡಿದ್ದ. ನಾನು ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದ್ದು ಅವನಿಗೆ ಒಂದು ನೆವವಷ್ಟೇ. ಇರಬಹುದು. ಆದ್ದರಿಂದ ಈ ಅಧ್ಯಾಯದಲ್ಲಿ ನನ್ನ ಮಾತನ್ನು ಪೂರ್ತಿ ನಂಬಬೇಡಿ. ಆದರೆ ನಮ್ಮ ಬಳಗದವರು ಅವ್ವನ ಬಗ್ಗೆ ಆಡುತ್ತ ಬಂದ ಮಾತನ್ನೂ ನಂಬಬೇಡಿ. ಅವಳು ಹಟಕ್ಕೆ ಬಿದ್ದು ಕೂಡಿದ್ದ ಮನೆಯನ್ನು ಒಡೆದಳು, ನಡೆಯುವ ಅಂಗಡಿಗೆ ಮಣ್ಣು ಹಾಕಿದಳು ಎನ್ನುವುದು ಆ ಮಾತು. ಮದುವೆಯಿರಲಿ, ಕುಬಸವಿರಲಿ, ನಾಲ್ಕು ಜನ ಚಾಪೆಯ ಮೇಲೆ ಕೂತರೆ ಅಡಿಕೆ ಎಲೆಯ ಜೊತೆ ಇದೂ ಒಂದು ಸುತ್ತು ತಿರುಗುತ್ತದೆ. ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಇದನ್ನು ಬರೆಯುತ್ತಿರುವುದು ಆ ಮಾತಿಗೆ ಎದುರು ನಿಂತು.

ಚಿಕ್ಕೋಡಿಯಲ್ಲಿ ನಿಪ್ಪಾಣಿ ರಸ್ತೆಗೆ ಮುಖ ಮಾಡಿದ್ದ ನಮ್ಮ ಮನೆಯೂ ಅಂಗಡಿಯೂ ಒಂದೇ ಗೋಡೆಯ ಎರಡು ಮಗ್ಗುಲು. ಮುಂದೆ ತಗಡಿನ ಶೆಡ್ಡಿನಲ್ಲಿ ಟಾಯರ್ ರಿಮೋಲ್ಡ್ ಮಾಡುವ ಕೆಲಸ, ಹಿಂದೆ ಮಣ್ಣಿನ ಮಾಳಿಗೆಯ ಮನೆ. ಸವೆದು ನುಣ್ಣಗಾದ ಟಾಯರನ್ನು ತಂದು, ಅದರ ಬೆನ್ನನ್ನು ಉಜ್ಜಿ ಒರಟು ಮಾಡಿ, ಸಲೂಷನ್ ಎಂಬ ಅಂಟು ಬಳಿದು, ಮೇಲೆ ಹಸಿ ರಬ್ಬರಿನ ಪಟ್ಟಿ ಸುತ್ತಿ, ಕಬ್ಬಿಣದ ಸಾಚಾದೊಳಗೆ, ಎಂದರೆ ಅಚ್ಚಿನೊಳಗೆ, ಹಾಕಿ ಹಬೆಯಲ್ಲಿ ಬೇಯಿಸುವುದು. ಬೆಂದು ಹೊರಬಂದಾಗ ಹಳೆಯ ಟಾಯರಿಗೆ ಹೊಸ ಹಲ್ಲು ಬಂದಿರುತ್ತಿತ್ತು. ಬಾಯ್ಲರ್ ನಿಂತದ್ದು ಅಡುಗೆಮನೆಯ ಗೋಡೆಗೆ ಒತ್ತಿಕೊಂಡು. ಆ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಆಯಿ, ಎಂದರೆ ಅಪ್ಪನ ತಾಯಿ, ಬೆನ್ನು ತಾಗಿಸಿ ಕೂತು ಬಿಟ್ಟರೆ ಊಟಕ್ಕೂ ಏಳುತ್ತಿರಲಿಲ್ಲ. ನಮ್ಮ ಸ್ನಾನದ ನೀರು ಬಾಯ್ಲರಿನದು. ರೊಟ್ಟಿಗೂ, ಪುಂಡಿಪಲ್ಯೆಗೂ, ನನ್ನ ಶಾಲೆಯ ಅಂಗಿಗೂ ಒಂದೇ ವಾಸನೆ, ಬೇಯುವ ರಬ್ಬರಿನದು. ಬೀಗರ ಮನೆಗೆ ಹೋದರೆ ಅಲ್ಲಿಯ ಮಕ್ಕಳು ನಮ್ಮ ಹತ್ತಿರ ಬಂದು ಮೂಗು ಮುಚ್ಚಿಕೊಳ್ಳುತ್ತಿದ್ದವು. ಅಕ್ಕ ಅತ್ತಳಂತೆ. ನಾನು ಒಬ್ಬನಿಗೆ ಹೊಡೆದೆನಂತೆ. ಎರಡನೆಯದು ನನಗೆ ನೆನಪಿದೆ.

ಬಾಯ್ಲರ್ ಅಪ್ಪನದು. ಗಿರಾಕಿ, ಮಾತು, ಕೊಲ್ಲಾಪುರಕ್ಕೆ ಹೋಗಿ ರಬ್ಬರು ತರುವುದು ಕಾಕಾನದು. ಅಪ್ಪನ ತಮ್ಮ, ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಶಂಕ್ರಪ್ಪ ಕಾಕಾ ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಮಾಡುವ ಮನುಷ್ಯ. ಅವನು ಅಂಗಡಿಯಲ್ಲಿದ್ದರೆ ಕೆಲಸವಿಲ್ಲದವರೂ ಬಂದು ಕೂರುತ್ತಿದ್ದರು. ರಬ್ಬರಿನ ಹದ ನೋಡುವುದು ಮಾತ್ರ ಅವ್ವನದು. ಅದನ್ನು ಅವಳಿಗೆ ಯಾರೂ ವಹಿಸಿಕೊಟ್ಟಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹಿಟ್ಟು ನಾದಿದ ಕೈಯಲ್ಲೇ ಒಂದು ದಿನ ಪಟ್ಟಿ ಮುಟ್ಟಿ, ಇದು ಸರಿಯಿಲ್ಲ ಎಂದಳಂತೆ; ಸರಿಯಿರಲಿಲ್ಲವಂತೆ. ಅಂದಿನಿಂದ ಬಂದ ಮಾಲನ್ನು ಅವಳು ನೋಡದೆ ಅಪ್ಪ ಟಾಯರಿಗೆ ಸುತ್ತುತ್ತಿರಲಿಲ್ಲ. ಹೆಬ್ಬೆರಳಿನ ಉಗುರು ಒತ್ತುವಳು. ಉಗುರಿನ ಗುರುತು ಹಾಗೇ ನಿಂತರೆ ರಬ್ಬರು ಹಸಿಯಾಗಿದೆ, ಕೆಲಸಕ್ಕೆ ಬರುತ್ತದೆ. ಗುರುತು ಮೆಲ್ಲಗೆ ಮುಚ್ಚಿಕೊಂಡರೆ ಅದು ಒಳಗೊಳಗೇ ಬೇಯತೊಡಗಿದೆ. ಆಮೇಲೆ ಅಂಚಿನ ಎರಡು ತುಂಡು ಕತ್ತರಿಸಿ ಒಂದಕ್ಕೊಂದು ಒತ್ತುವಳು. ಅವು ಕೂಡಿಕೊಂಡು ಬಿಡಿಸಲು ಬಾರದಂತಾಗಬೇಕು. ಇದಕ್ಕೆ ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ಶೆಡ್ಡಿನಲ್ಲಿ ಕಾಕಾ ಕೂಡ ಬಾಯಿ ಮುಚ್ಚಿಕೊಂಡಿರುತ್ತಿದ್ದ.

ರಬ್ಬರಿನ ಗಿಡವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೂ ನಮ್ಮ ತಾಟಿನಲ್ಲಿ ಏನು ಬೀಳಬೇಕೆಂಬುದು ಕೇರಳದಲ್ಲಿ ನಿಂತಿದ್ದ ಆ ಗಿಡಗಳ ಕೈಯಲ್ಲಿತ್ತು. ಅಲ್ಲಿ ಮಳೆ ಜೋರಾದರೆ ಗಿಡ ಕೆತ್ತಲು ಬರುವುದಿಲ್ಲ, ಹಾಲು ಇಲ್ಲ, ದರ ಏರುತ್ತದೆ. ಮಳೆ ನಿಂತು ಚಳಿ ಬಿದ್ದಾಗ ಹಾಲು ಸುರಿಯುತ್ತದೆ, ದರ ಇಳಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ಎಲೆ ಉದುರಿ ಹಾಲು ಬತ್ತುತ್ತದೆ, ಮತ್ತೆ ಏರು. ದಿಲ್ಲಿಯವರು ಹೊರದೇಶದ ರಬ್ಬರಿಗೆ ಬಾಗಿಲು ತೆರೆದರೆ ಇಳಿತ, ಮುಚ್ಚಿದರೆ ಏರು. ಇತ್ತ ನಮ್ಮ ಬದಿಗೆ ಬೇರೆಯೇ ಪಂಚಾಂಗ. ಕಬ್ಬು ನುರಿಯುವ ಕಾಲದಲ್ಲಿ ಟ್ರ್ಯಾಲಿಗಳ ಟಾಯರು, ನಿಪ್ಪಾಣಿಯಲ್ಲಿ ತಂಬಾಕಿಗೆ ದರ ಸಿಕ್ಕರೆ ಟೆಂಪೊಗಳದು, ಅಥಣಿ ಕಾಗವಾಡದ ಕಡೆ ದ್ರಾಕ್ಷಿ ಇಳಿದಾಗ ಮತ್ತೊಂದಿಷ್ಟು. ಹೊಸ ಟಾಯರು ತುಟ್ಟಿಯಾದಷ್ಟೂ ಜನ ಹಳೆಯದಕ್ಕೆ ಹಲ್ಲು ಕಟ್ಟಿಸಲು ಬರುತ್ತಿದ್ದರು. ಆದರೆ ಹೊಸದನ್ನು ತುಟ್ಟಿ ಮಾಡಿದ ರಬ್ಬರೇ ನಮ್ಮ ಪಟ್ಟಿಯನ್ನೂ ತುಟ್ಟಿ ಮಾಡುತ್ತಿತ್ತು. ಗಿರಾಕಿ ಹೆಚ್ಚಾದ ದಿನವೇ ಅಪ್ಪ ಸುಮ್ಮನಾಗುತ್ತಿದ್ದದ್ದು ಯಾಕೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಎಂಬತ್ತರ ದಶಕ ಮುಗಿಯುವ ಕಾಲ. ನಾನು ಪಿಯುಸಿಯಲ್ಲಿ ವಾಣಿಜ್ಯ ಓದುತ್ತಿದ್ದೆ. ಪೂರೈಕೆ ಬೇಡಿಕೆಯ ಎರಡು ಗೆರೆಗಳನ್ನು ಕಲಿತ ವಾರವೇ ಜಗತ್ತು ನನಗೆ ಅರ್ಥವಾಗಿಬಿಟ್ಟಿತ್ತು. ಕಾಲೇಜಿನ ವಾಚನಾಲಯಕ್ಕೆ ಒಂದು ದಿನ ತಡವಾಗಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯಿಂದ ಕೊಟ್ಟಾಯಂ ಪೇಟೆಯ ರಬ್ಬರ್ ದರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದೆ. ಒಂದು ಸಂಜೆ ಊಟದ ಹೊತ್ತಿಗೆ ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ. ಚಳಿಯಲ್ಲಿ ಕೆಳಗೆ, ಬೇಸಿಗೆಯಲ್ಲಿ ಮೇಲೆ. ಆ ವರ್ಷ ಕಬ್ಬು ಹೆಚ್ಚಿತ್ತು, ಕಾರ್ಖಾನೆಗಳು ಬೇಸಿಗೆಯವರೆಗೂ ನುರಿಯುವುದು ಖಂಡಿತ. ದರ ಏರುವ ತಿಂಗಳಲ್ಲೇ ನಮ್ಮ ಗಿರಾಕಿಯೂ ಏರುತ್ತಾನೆ. ಬೇರೆಯವರ ಬಳಿ ಮಾಲಿರುವುದಿಲ್ಲ, ನಮ್ಮ ಬಳಿ ಇರುತ್ತದೆ.

"ದರಾ ಏರಿದ್ರ ಅವರೂ ಗಿಡಾ ಹೆಚ್ಚ ಹಚ್ಚತಾರಲ್ಲೋ," ಎಂದ ಅಪ್ಪ.

"ಗಿಡಾ ಹಚ್ಚಿದ್ರ ಹಾಲ ಬರಾಕ ಏಳ ವರ್ಷ ಬೇಕಪಾ."

"ಏಳ ವರ್ಷ?" ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಏಳ ವರ್ಷದಾಗ ನಾ ಮೂರ ಮೊಮ್ಮಕ್ಕಳ ಮದುವಿ ಮಾಡ್ತೀನಿ. ಅವಕ್ಕೇನ ಬ್ಯಾರೆ ಉದ್ಯೋಗಿಲ್ಲೇನು?"

ಕಾಕಾ ತೊಡೆ ತಟ್ಟಿದ.

"ನೋಡ್ರಿ, ನಮ್ಮ ಪಂಡಿತ ಹೇಳಾಕತ್ತಾನ. ಈಗ ತಂದ ಇಡೂದು, ಚೈತ್ರದಾಗ ತಗಿಯೂದು. ಸುಳ್ಳ ಐತೇನೋ ತಮ್ಮಾ?"

"ಖರೆ ಐತಿ ಕಾಕಾ."

ಈ ಮಾತು ನಡೆದದ್ದು ನಿಜ ಎಂದು ಅಕ್ಕನೂ ಒಪ್ಪುತ್ತಾಳೆ. ಝುಣಕ ಬಡಿಸುತ್ತಿದ್ದ ಅವ್ವ ಒಂದೇ ಮಾತು ಕೇಳಿದ್ದಳು.

"ದರಾ ಏರತೈತಿ, ಖರೆ. ಅಲ್ಲೀತನಾ ರಬ್ಬರ್ ಕಾಯತೈತೇನು?"

 ನನ್ನ ಗೆರೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಕಾಕಾ ಎರಡು ಸಲ ಕೊಲ್ಲಾಪುರಕ್ಕೆ ಹೋಗಿ ಟೆಂಪೊ ತುಂಬಿ ತಂದ. ಹಸಿ ರಬ್ಬರಿಗೆ ಸೆಕೆ ಆಗದು, ತಂಪು ಜಾಗ ಬೇಕು. ನಮ್ಮ ಮನೆಯಲ್ಲಿ ಬಾಯ್ಲರಿನ ಕಾವು ಮುಟ್ಟದ ಮೂಲೆಯೇ ಇರಲಿಲ್ಲ. ಆಗ ಹಗೇವಿನ ಮಾತು ಬಂತು. ಹಿತ್ತಲಿನಲ್ಲಿ ಎರಡಾಳು ಆಳದ ಹಗೇವು, ಎಂದರೆ ಕಾಳು ಹೂಳಿಡಲು ತೋಡಿದ ನೆಲದ ಕುಣಿ, ಇತ್ತು. ಒಳಗೆ ಹುಲ್ಲಿನ ಸಿಂಬೆ ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಎರಡು ಮೂರು ವರ್ಷವಾದರೂ ಕಾಳಿಗೆ ಹುಳ ಬೀಳುತ್ತಿರಲಿಲ್ಲ. ಜೋಳ ಪೇಟೆಯಿಂದ ತರುವ ರೂಢಿಯಾದ ಮೇಲೆ ಅದು ಬರಿದಾಗಿತ್ತು. ನಮ್ಮ ಭಾಗದವರಿಗೆ ಹಗೇವಿನ ಮೇಲೆ ದೇವರ ಮೇಲಿನಷ್ಟೇ ಭರವಸೆ. ನೆಲದಾಯಿಯ ಹೊಟ್ಟೆಯಲ್ಲಿಟ್ಟದ್ದು ಕೆಡುವುದಿಲ್ಲ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಎದುರಾಡುವವರಿರಲಿಲ್ಲ.

"ಕಾಳ ಇಡೂ ಜಾಗಾದಾಗ ಅದನ್ನ ಇಡತೀಯೇನೋ ಶಂಕ್ರ್ಯಾ?" ಎಂದು ಆಯಿ ಮುಖ ಸಿಂಡರಿಸಿದಳು.

"ಅದೂ ಕಾಳ ಆಯಿ. ಕರೀ ಕಾಳ. ಮುಂಬರೂ ವರ್ಷ ಅದನ್ನ ಉಣ್ಣೂದು ನೀನ."

ಪ್ರೀತಿಯ ಮಗ ಕೇಳಿದರೆ ಆಯಿ ಇಲ್ಲವೆನ್ನುವವಳಲ್ಲ. ಕಲ್ಲು ಸರಿಸಿ, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಟ್ಟರು. ದೀಪ ಆರಿತು. ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು; ದೀಪ ಆರದೆ ನಿಲ್ಲುವವರೆಗೆ ಯಾರೂ ಇಳಿಯಬಾರದು. ಅರ್ಧ ದಿನ ಬಾಯಿ ತೆರೆದಿಟ್ಟು ಮತ್ತೆ ಇಳಿಬಿಟ್ಟಾಗ ಉರಿಯಿತು. ಅಪ್ಪ ಇಳಿದ. ಅವ್ವ ಅಂಚಿನಲ್ಲಿ ಬಗ್ಗಿ ಒಳಗಿನ ಗೋಡೆ ಮುಟ್ಟಿ ನೋಡಿದಳು.

"ತಂಪೈತಿ. ಆದ್ರ ಹಸಿ ಐತಿ."

"ವೈನಿ, ಜ್ವಾಳಾ ಕೆಡದ ಜಾಗಾದಾಗ ರಬ್ಬರ್ ಕೆಡತೈತೇನ್ರಿ?" ಎಂದ ಕಾಕಾ ಅತ್ತಿಗೆಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಟ್ಟಿಗಳು ಸುರುಳಿ ಸುರುಳಿಯಾಗಿ ಕೆಳಗಿಳಿದವು. ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಆಯಿ ಮೇಲೆ ಒಂದು ಚಿಟಿಕೆ ವಿಭೂತಿ ಹಚ್ಚಿದಳು.

ದರ ಏರಿತು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಈ ಕತೆ ಕೇಳಿದವರೆಲ್ಲ ನನ್ನ ಗೆರೆ ತಪ್ಪಾಯಿತೆಂದೇ ತಿಳಿಯುತ್ತಾರೆ. ತಪ್ಪಾಗಲಿಲ್ಲ. ಎಲೆ ಉದುರುವ ಕಾಲಕ್ಕೆ ಕೊಟ್ಟಾಯಮ್ಮಿನ ದರ ನಾನು ಇದ್ದಿಲಿನಲ್ಲಿ ಎಳೆದ ದಾರಿಯಲ್ಲೇ ಹೋಯಿತು. ಕೊಲ್ಲಾಪುರದ ವ್ಯಾಪಾರಿಗಳ ಬಳಿ ಮಾಲಿಲ್ಲ. ರಾಯಬಾಗದ ರಿಮೋಲ್ಡ್ ಅಂಗಡಿ ಸಾಚಾ ತಣ್ಣಗೆ ಮಾಡಿಕೊಂಡು ಕೂತಿತು. ಕಬ್ಬು ಇನ್ನೂ ಹೊಲದಲ್ಲಿ ನಿಂತಿತ್ತು. ನಮ್ಮ ಶೆಡ್ಡಿನ ಮುಂದೆ ಟಾಯರುಗಳ ರಾಶಿ ರಸ್ತೆಯವರೆಗೆ ಬೆಳೆಯಿತು. ಶೆಡ್ಡಿನೊಳಗೆ ಉಳಿದಿದ್ದ ಹಳೆಯ ಪಟ್ಟಿ ಮುಗಿಯುತ್ತ ಬಂದಾಗ ಕಾಕಾ ಹೊಸ ಬಿಳಿ ಅಂಗಿ ಹಾಕಿಕೊಂಡು ಹಗೇವು ತೆರೆಸಿದ.

ಮೇಲೆ ಬಂದ ಮೊದಲ ಸುರುಳಿಯ ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗಿತ್ತು. ಮುಟ್ಟಿದರೆ ಬೆವರಿದ ಅಂಗೈಯಂತೆ ತೇವ. ಅವ್ವ ಉಗುರು ಒತ್ತಿದಳು. ಗುರುತು ನಿಂತಿತು. ಕಾಕಾ ಉಸಿರು ಬಿಟ್ಟ. ಅವಳು ಎರಡು ತುಂಡು ಕತ್ತರಿಸಿ, ಸೆರಗಿನಿಂದ ಒರೆಸಿ, ಒಂದಕ್ಕೊಂದು ಬಲವಾಗಿ ಒತ್ತಿ ಕೈ ಬಿಟ್ಟಳು. ಒಂದು ತುಂಡು ಕೆಳಗೆ ಬಿತ್ತು. ಮತ್ತೊಂದು ಸುರುಳಿ. ಅದೂ ಬಿತ್ತು. ಹೀಗೆ ಐದಾರು ಸಲ. ಕೊನೆಗೆ ಅವಳು ಎದ್ದು ಕೈ ತೊಳೆದುಕೊಂಡಳು.

"ಇದು ಕೂಡೂದಿಲ್ರಿ," ಎಂದು ಅಪ್ಪನಿಗೆ ಹೇಳಿದಳು. "ಬೆಂದರೂ ಕೂಡೂದಿಲ್ಲ."

"ಪೆಟ್ರೋಲ್ ಹಚ್ಚಿ ಒರೆಸಿದ್ರ ಹೋಗತೈತ್ರಿ ವೈನಿ. ಮ್ಯಾಲಿಂದು ಅದು."

"ಮ್ಯಾಲಿಂದ ಒರೆಸಬಹುದು ಶಂಕ್ರಪ್ಪ. ಒಳಗ ಕುಡದದ್ದನ್ನ ಏನ ಮಾಡ್ತಿ?"

"ಹೊರಗ ನಿಂತ ಮಂದಿಗೆ ಏನ ಹೇಳ್ಲಿ? ಕೂಡೂದಿಲ್ಲಂತ ಹೇಳ್ಲೇನು?"

"ಹೇಳು. ಅವರ ಟಾಯರ್ ಅವರ ಒಯ್ಲಿ."

ಅಪ್ಪ ಎರಡೂ ಕಡೆ ನೋಡಿ ಬಾಯ್ಲರಿನ ಹತ್ತಿರ ಹೋದ. ಅಪ್ಪನ ಮೌನವನ್ನು ಬಳಗದವರು ದೊಡ್ಡತನ ಎನ್ನುತ್ತಾರೆ. ನಾನು ಹಾಗೆ ಎನ್ನುವುದಿಲ್ಲ.

ಮರುವಾರ ಅವ್ವ ರಾಯಬಾಗದಲ್ಲಿದ್ದ ತನ್ನ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋದಳು. ಮೂರು ದಿನ. ತಿರುಗಿ ಬಂದವಳು ಚಪ್ಪಲಿ ಬಿಡುವ ಮೊದಲೇ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಅಂಚಿನ ತುಂಡುಗಳನ್ನು ನೋಡಿದಳು. ಬೆಳ್ಳಗಿನ ಗುರುತು, ಪೆಟ್ರೋಲಿನ ವಾಸನೆ. ಎಷ್ಟು ಟಾಯರು ಹೋದವು ಎಂದು ಕೇಳಿದಳು.  ನಾನು ಹೇಳಿದೆ: ನಾಲ್ಕು. ಕಬ್ಬೂರಿನ ಈರಪ್ಪನ ಟೆಂಪೊದವು. ನಿನ್ನೆ ಒಯ್ದ.

ಮರುದಿನ ಬೆಳಿಗ್ಗೆ ಅವ್ವ ಮೊದಲಿನ ರಬ್ಬರಿನಲ್ಲಿ ಮಾಡಿದ್ದ, ಅದೇ ಅಳತೆಯ ನಾಲ್ಕು ಟಾಯರು ಬೇರೆ ತೆಗೆದಳು. ಅವು ಬೇರೆ ಗಿರಾಕಿಯವು. ಅಡುಗೆಮನೆಯಲ್ಲಿದ್ದ ನನ್ನನ್ನು ಕೂಗಿದಳು.

"ನೀನೂ ಬಾ. ದರಾ ಹೇಳಿದಾಂವ ನೀನ."

ಈ ಮಾತು ಅಕ್ಕನಿಗೆ ನೆನಪಿಲ್ಲ. ನನಗೆ ನೆನಪಿದೆ, ಮತ್ತು ಇದನ್ನು ನಾನು ಕಟ್ಟಿಕೊಂಡಿದ್ದರೆ ನನಗೆ ಅನುಕೂಲವಾಗುವಂತೆ ಕಟ್ಟಿಕೊಳ್ಳುತ್ತಿದ್ದೆ. ಇಬ್ಬರೂ ಎರಡೆರಡು ಟಾಯರು ಉರುಳಿಸುತ್ತ ಬಸ್ ನಿಲ್ದಾಣಕ್ಕೆ ಹೋದೆವು. ಚಿಕ್ಕೋಡಿಯ ಕೋರ್ಟಿಗೆ ಬಂದಿದ್ದ ಜನ ದಾರಿ ಬಿಟ್ಟು ನಿಂತು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು ನಡುಬೀದಿಯಲ್ಲಿ ಟಾಯರು ಉರುಳಿಸುವುದು ಆಗ ದಿನಾ ಕಾಣುವ ನೋಟವಲ್ಲ. ನಾನು ತಲೆ ತಗ್ಗಿಸಿದ್ದೆ. ಅವಳು ತಗ್ಗಿಸಿರಲಿಲ್ಲ. ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್ ಟಾಯರನ್ನು ತಟ್ಟಿ ನೋಡಿದ.

"ಅಕ್ಕಾರ, ನಮ್ಮ ಬಸ್ಸಿನ್ವಕ್ಕಿಂತ ಚಲೋ ಅದಾವಲ್ರಿ. ಅದಲಾಬದಲಿ ಮಾಡೂಣೇನ್ರಿ?"

"ನಿಮ್ಮ ಬಸ್ಸಿಗೆ ಇವು ಸಾಲೂದಿಲ್ಲಪಾ. ದೇವರ ಬೇಕ," ಎಂದಳು ಅವ್ವ. ಬಸ್ಸಿನವರೆಲ್ಲ ನಕ್ಕರು. ಅವಳು ನಗಲಿಲ್ಲ.

ಕಬ್ಬೂರಿನಲ್ಲಿ ಈರಪ್ಪ ಬೇವಿನ ಮರದ ಕೆಳಗೆ ಟೆಂಪೊ ತೊಳೆಯುತ್ತಿದ್ದ. ಮುಂದಿನ ಗಾಜಿಗೆ ಆಗಲೇ ಮಾವಿನ ತೋರಣ ಕಟ್ಟಿತ್ತು.

"ಇಷ್ಟ ದೂರ ಯಾಕ ಬಂದ್ರಿ ಅಕ್ಕಾರ? ಹೇಳಿ ಕಳಿಸಿದ್ರ ನಾನ ಬರ್ತಿದ್ನಿಲ್ಲೇನ್ರಿ."

"ಟಾಯರ್ ಬಿಚ್ಚು ಈರಪ್ಪ. ಬ್ಯಾರೆ ತಂದೀನಿ."

"ಅವಕ್ಕೇನಾಗೇತ್ರಿ? ಹೊಸಾವ ಕಂಡಾಂಗ ಕಾಣ್ತಾವ. ಎಲ್ಲಿ ಮಾಡಿಸಿದಿ ಅಂತ ಮಂದಿ ಕೇಳಾಕತ್ತಾರ."

"ಕಾಣ್ತಾವ. ಕೂಡಿಲ್ಲ."

"ಶಂಕ್ರಣ್ಣ ತಾನ ಕೈಯಾರೆ ಕೊಟ್ಟಾನ್ರಿ. ನಿಮ್ಮ ಮನಿ ಜಗಳಾ ತಂದು ನನ್ನ ಗಾಡಿಗೆ ಯಾಕ ಹಚ್ಚತೀರಿ?"

"ನಾಳಿ ಎಲ್ಲಿಗೆ ಹೊಂಟಿ?"

"ಯಡೂರಿಗ್ರಿ. ವೀರಭದ್ರ ದೇವರ ಗುಡ್ಯಾಗ ಮದುವಿ. ದಿಬ್ಬಣದವರ ನಲವತ್ತ ಮಂದಿ."

"ನಿನ್ನ ಹೇಣ್ತೀನೂ ಬರತಾಳೇನು?"

"ಬರದ ಬಿಡತಾಳೇನ್ರಿ? ಅಕಿ ತಮ್ಮಂದ ಮದುವಿ."

"ಹಂಗಾರ ಅಕೀನ ಕರಿ. ನಾ ಅಕಿಗೆ ಹೇಳ್ತೀನಿ. ಕೇಳಿದ ಮ್ಯಾಲೂ ಅಕಿ ಹತ್ತಿದ್ರ ನೀ ಬಿಚ್ಚಬ್ಯಾಡ."

ಈರಪ್ಪ ಕರೆಯಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅವನ ಹೆಂಡತಿ ತಾನೇ ಹೊರಗೆ ಬಂದಳು. ಅವ್ವ ಜೋರು ಮಾಡಲಿಲ್ಲ. ರಬ್ಬರು ಹಗೇವಿನಲ್ಲಿತ್ತು, ತೇವ ಕುಡಿದಿದೆ, ಓಡುವಾಗ ಮೇಲಿನ ಪಟ್ಟಿ ಬಿಚ್ಚಬಹುದು, ಬಿಚ್ಚದೆಯೂ ಇರಬಹುದು, ತನಗೆ ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎಂದು ಅವಳು ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಆಮೇಲೆ ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಅಷ್ಟು ಪ್ರಾಮಾಣಿಕವಾಗಿ ಮಾತಾಡಿದ ಪಂಡಿತರು ಕಡಿಮೆ. ಆ ಹೆಂಗಸು ಗಂಡನ ಕಡೆ ತಿರುಗಿ ಒಂದೇ ಪದ ಹೇಳಿದಳು.

"ಬಿಚ್ಚರಿ."

ಈರಪ್ಪ ಗೊಣಗುತ್ತ ಜಾಕ್ ಹಚ್ಚಿದ. ಬಿಚ್ಚಿದ್ದು ಮೂರು. ನಾಲ್ಕನೆಯ ಚಕ್ರಕ್ಕಿದ್ದದ್ದು ಹಳೆಯ ಟಾಯರು. ಹೊಸ ಹಲ್ಲಿನದನ್ನು ಹಿಂದಿನ ಸಂಜೆಯೇ ಈರಪ್ಪನ ತಂಗಿಯ ಗಂಡ ಬೇಡಿ ಒಯ್ದಿದ್ದ. ಅವನು ಕಾಗವಾಡದವನು, ದ್ರಾಕ್ಷಿ ಹೇರುವ ಟೆಂಪೊ. ಅವ್ವ ನಾಲ್ಕನೆಯ ಒಳ್ಳೆಯ ಟಾಯರನ್ನು ಅಲ್ಲೇ ಬಿಟ್ಟು, ಇದನ್ನು ಅವನಿಗೆ ಮುಟ್ಟಿಸಿ ಅದನ್ನು ಬಿಚ್ಚಿಸು ಎಂದು ಈರಪ್ಪನಿಂದ ದೇವರ ಆಣೆ ಹಾಕಿಸಿಕೊಂಡಳು.

ಮನೆಗೆ ಬಂದ ಮೇಲೆ ನಡೆದದ್ದೇ ಬಳಗದವರ ಬಾಯಲ್ಲಿ ಉಳಿದ ಸಂಗತಿ. ಅವಳು ಪಡಸಾಲೆಯ ನಡುವೆ ಚಾಪೆ ಹಾಸಿ, ಹಗೇವಿನಿಂದ ಬಂದ ಪಟ್ಟಿಗಳನ್ನೆಲ್ಲ ರಾಶಿ ಹಾಕಿಸಿ, ನೀರಿನಲ್ಲಿ ಅದ್ದಿದ ಚೂರಿಯಿಂದ ಅಂಗೈಯಗಲದ ತುಂಡುಗಳಾಗಿ ಕೊಯ್ಯತೊಡಗಿದಳು. ಪಟ್ಟಿ ತುಂಡಾದರೆ ಟಾಯರಿಗೆ ಸುತ್ತಲು ಬರುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೇ ಅಲ್ಲಿ ಕೊನೆ. ಬಾಗಿಲು ತೆರೆದೇ ಇತ್ತು; ಗಿರಾಕಿಗಳು ಹಣಿಕಿ ನೋಡಿ ಹೋಗುತ್ತಿದ್ದರು. ಆಯಿ ಒಂದು ಮೂಲೆಯಲ್ಲಿ ಕೂತು, ಹಗೇವು ನಾರಿಹೋಯಿತು, ಇನ್ನು ಅದರಲ್ಲಿ ಒಂದು ಹಿಡಿ ಕಾಳೂ ಇಡುವಂತಿಲ್ಲ ಎಂದು ಅಳುತ್ತಿದ್ದಳು. ಯಾರನ್ನು ಬೈಯಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ವೈನಿ, ಇದೇನ ನಿಮ್ಮ ತವರಮನಿ ಆಸ್ತಿ ಅಲ್ರಿ," ಎಂದ ಕಾಕಾ. 

"ಅಲ್ಲ. ಅದಕ್ಕ ಕೊಯ್ಯಾಕತ್ತೀನಿ. ನಂದ ಆಗಿದ್ರ ಸುಟ್ಟಿರ್ತಿದ್ನಿ."

"ಯಾವ ಟಾಯರ್ ಬಿಚ್ಚೇತಿ? ಒಂದ ತೋರಸ್ರಿ. ಒಂದ."

"ಬಿಚ್ಚಿದ ಮ್ಯಾಲ ತೋರಸಾಕ ಯಾರರ ಉಳೀಬೇಕಲ್ಲ ಶಂಕ್ರಪ್ಪ."

ಕಾಕಾ ಅಪ್ಪನ ಕಡೆ ನೋಡಿದ. ಆಗ ನಾನು ಇನ್ನೊಂದು ಚೂರಿ ತಂದು ಚಾಪೆಯ ಮೇಲೆ ಕೂತೆ ಎಂದು ನನ್ನ ನೆನಪು. ಅಕ್ಕ ಹೇಳುವುದು, ಚೂರಿ ತಂದು ಕೂತವಳು ತಾನು. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಸಂಜೆಯ ಹೊತ್ತಿಗೆ ಕೂತೆ. ಅವಳ ಬಲಗೈಯ ಹೆಬ್ಬೆರಳಿನ ಮೇಲೆ ಒಂದು ಗಾಯದ ಗುರುತಿದೆ. ನನ್ನ ಕೈಯಲ್ಲಿ ಏನೂ ಇಲ್ಲ. ಈ ವಿಷಯದಲ್ಲಿ ನಾನು ಅಕ್ಕನನ್ನು ನಂಬಬೇಕೆಂದು ಕಾಣುತ್ತದೆ.

ಎರಡು ದಿನ ಕೊಯ್ದರು. ತುಂಡುಗಳನ್ನು ಅಪ್ಪ ಒಂದೊಂದಾಗಿ ಚಪ್ಪಟೆ ಸಾಚಾದಲ್ಲಿ ಬೇಯಿಸಿ ಹಾಳೆ ಮಾಡಿದ. ಚಪ್ಪಲಿಯ ಅಡಿಗೆ ಕೂಡಬೇಕಾದ ಕೆಲಸವಿಲ್ಲ, ಹೊಲಿದರಾಯಿತು. ಅಥಣಿಯ ಚಪ್ಪಲಿ ಮಾಡುವವರು ಒಯ್ದರು. ಆ ಮಳೆಗಾಲಕ್ಕೆ ಮೊದಲೇ ಕಾಕಾ ನಿಪ್ಪಾಣಿಗೆ ಹೋಗಿ ಹೆದ್ದಾರಿಯ ಪಕ್ಕ ಸ್ವಂತ ಅಂಗಡಿ ಹಾಕಿದ. ಲಾರಿಗಳು ಅವನ ಬಾಗಿಲಲ್ಲೇ ನಿಲ್ಲುತ್ತಿದ್ದವು. ತೊಂಬತ್ತರ ದಶಕದ ಕೊನೆಗೆ ರಬ್ಬರಿನ ದರ ಬಿದ್ದಾಗಲೂ ಅವನು ಬೀಳಲಿಲ್ಲ, ಹೊಸ ಟಾಯರಿನ ಮಾರಾಟಕ್ಕೆ ಇಳಿದ. ನಮ್ಮ ಶೆಡ್ಡು ಸಣ್ಣದಾಗುತ್ತ ಹೋಗಿ ಪಂಕ್ಚರ್ ತೆಗೆಯುವ ಅಂಗಡಿಯಾಯಿತು. ಇದನ್ನೇ ಎಲ್ಲರೂ ತೀರ್ಪು ಎಂದು ಹಿಡಿದುಕೊಂಡರು. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ, ನಾಲ್ಕು ಊರಿನಲ್ಲಿ ಅದನ್ನೇ ಕಲಿಸಿ, ಎಲ್ಲಿಯೂ ನೆಲೆ ನಿಲ್ಲದೆ ತಿರುಗಿದವನು. ಅಷ್ಟು ಓದಿದ ಮೇಲೆ ಹೇಳುತ್ತೇನೆ: ಪೇಟೆ ಯಾರನ್ನು ಮೇಲೆತ್ತಿತು ಎಂಬುದು ಯಾರು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ದರ ಏರಿದ್ದಕ್ಕೂ ಇಳಿದದ್ದಕ್ಕೂ ನಾನು ಕಾರಣ ಕೊಡಬಲ್ಲೆ. ನಲವತ್ತು ಜನ ಯಡೂರು ಮುಟ್ಟಿ ಉಂಡು ತಿರುಗಿ ಬಂದದ್ದಕ್ಕೆ ಯಾವ ಪೇಟೆಯಲ್ಲಿಯೂ ದರವಿಲ್ಲ. ಅವ್ವ ಇದನ್ನು ಯಾರಿಗೂ ವಿವರಿಸಲು ಹೋಗಲಿಲ್ಲ. ಬಳಗದವರು ಮಾತು ಬಿಟ್ಟಾಗ ಮೂರು ವರ್ಷ ಯಾರ ಮದುವೆಗೂ ಹೋಗದೆ, ಮುಂದೆ ಎಷ್ಟೋ ವರ್ಷಕ್ಕೆ ಕರೆಯದಿದ್ದರೂ ಕಾಕಾನ ಮಗಳ ಮದುವೆಗೆ ಹೋಗಿ, ಮೊದಲ ಪಂಕ್ತಿಯಲ್ಲಿ ಕೂತು ಉಂಡು ಬಂದಳು.

ಕಾಕಾನ ಸವಾಲು ಮಾತ್ರ ನನ್ನನ್ನು ಬಿಡಲಿಲ್ಲ. ಒಂದು ತೋರಿಸಿರಿ. ಅವನು ಮುದುಕನಾದ ಮೇಲೂ ನನ್ನನ್ನು ಕಂಡಾಗಲೆಲ್ಲ ಅದನ್ನೇ ಕೇಳುತ್ತಿದ್ದ. ನಾನು ಸಂಶಯದ ಮನುಷ್ಯ. ಅವ್ವ ತಡೆದದ್ದರಿಂದಲೇ ಏನೂ ಆಗಲಿಲ್ಲವೋ, ಏನೂ ಆಗಬೇಕಾದ್ದೇ ಇರಲಿಲ್ಲವೋ ಎಂದು ನನಗೂ ಅನಿಸುತ್ತಿತ್ತು. ಅವ್ವ ತೀರಿಕೊಂಡ ಮರುವರ್ಷ ನಾನು ಕಬ್ಬೂರಿಗೆ ಹೋದೆ. ಈರಪ್ಪನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಆದರೆ ಅವ್ವನ ಹೆಸರು ಕೂಗಿ ಹೇಳಿದಾಗ ಕೈ ಮುಗಿದ. ಅವಳು ಬಿಟ್ಟುಹೋದ ನಾಲ್ಕನೆಯ ಟಾಯರನ್ನು ತಾನು ಕಾಗವಾಡಕ್ಕೆ ಮುಟ್ಟಿಸಲೇ ಇಲ್ಲ, ತಾನೇ ಸ್ಟೆಪ್ನಿ ಮಾಡಿಕೊಂಡೆ ಎಂದು ಒಪ್ಪಿಕೊಂಡ.

ಅಲ್ಲಿಂದ ನಾನು ಕಾಗವಾಡಕ್ಕೆ ಹೋದೆ. ಈರಪ್ಪನ ತಂಗಿಯ ಗಂಡ ಎಮ್ಮೆಗೆ ಮೇವು ಹಾಕುತ್ತಿದ್ದ. ಟೆಂಪೊ ಮಾರಿ ಎಷ್ಟೋ ಕಾಲವಾಗಿತ್ತು. ಟಾಯರಿನ ಮಾತು ತೆಗೆದಾಗ ಅವನು ನನ್ನ ಮುಖವನ್ನೇ ನೋಡಿದ.

"ಬಸವ ಜಯಂತಿ ಮರುದಿನ್ರಿ. ದ್ರಾಕ್ಷಿ ಇಳಿಸಿ ಮಿರಜದಿಂದ ಖಾಲಿ ಗಾಡಿ ಹೊಡಕೊಂಡ ಬರಾಕತ್ತಿದ್ನಿ. ಪಟ್ಟಿ ಪೂರಾ ಕಿತ್ತ ಹಿಂದ ಬಿತ್ತರಿ. ಗಾಡಿ ಹೋಗಿ ಕಬ್ಬಿನ ಹೊಲದಾಗ ನಿಂತ್ತು. ಒಬ್ಬನ ಇದ್ನಿ, ಏನೂ ಆಗ್ಲಿಲ್ರಿ. ಪುಕ್ಕಟ ತಂದ ಟಾಯರ್, ಯಾರಿಗಂತ ಹೇಳ್ಲಿ?"

ಆ ಪಟ್ಟಿ ಏನಾಯಿತು ಎಂದು ಕೇಳಿದೆ. ಅವನು ಕೋಲು ಹಾಕಿ ದನದ ಕೊಟ್ಟಿಗೆಯ ತಗಡಿನ ಮೇಲಿಂದ ಅದನ್ನು ಕೆಳಗೆ ಎಳೆದ. ಗಾಳಿಗೆ ತಗಡು ಹಾರದಂತೆ ಇಷ್ಟು ವರ್ಷ ಅದನ್ನು ಹೇರಿಟ್ಟಿದ್ದ. ಬಿಸಿಲಿಗೆ ಬಿರಿದಿತ್ತು, ಆದರೆ ಸಾಚಾದ ಹಲ್ಲು ನಮ್ಮದೇ. ತಿರುವಿ ಹಾಕಿ ಒಳಮೈ ಒರೆಸಿದೆ. ಚೆನ್ನಾಗಿ ಕೂಡಿದ ಪಟ್ಟಿ ಕಿತ್ತರೆ ಕೆಳಗಿನ ಟಾಯರಿನ ರಬ್ಬರನ್ನೂ ಹರಿದುಕೊಂಡು ಬರುತ್ತದೆ, ಒಳಮೈ ತುಂಬ ಚಿಂದಿ ಇರುತ್ತದೆ. ಇದರಲ್ಲಿ ಒಂದು ಎಳೆಯೂ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿದೆ. ತೊಳೆದಿಟ್ಟ ತಾಟಿನಷ್ಟು ನುಣುಪಾಗಿತ್ತು.